ಮೂವತ್ತು ಕೇಜಿ

ರುವಿಯ ಹಿಂದಿನ ಗಲ್ಲಿಯಲ್ಲಿ
ಬಂಗಾಲಿ ಕ್ಷೌರಿಕನ ಅಂಗಡಿಗೆ ಅಂಟಿಕೊಂಡು
ಅಬಾಯಾ ಹೊಲಿಯುವವನು ನಾನು.
ವಾರಕ್ಕೆ ಆರು ದಿನ ಕಪ್ಪು ಬಟ್ಟೆ, ಕಪ್ಪು ದಾರ,
ತೋಳಿಗೆ ಸಾಲುಸಾಲು ಚಮಕಿ.
ರಾತ್ರಿ ಶಟರ್ ಅರ್ಧ ಇಳಿಸಿದ ಮೇಲೆ
ಅದೇ ದಾರದಲ್ಲಿ ವೇದಪುಸ್ತಕದ ಬೆನ್ನು ಹೊಲಿಯುತ್ತೇನೆ.

ಅವು ಘಾಲಾದ ಚರ್ಚಿನಿಂದ ಬರುತ್ತವೆ.
ತಮಿಳರದ್ದು ಮುಗಿದು ಫಿಲಿಪೀನಿನವರದ್ದು ಶುರುವಾಗುವ ಮುನ್ನ
ಕನ್ನಡಕ್ಕೆ ಒಂದೂವರೆ ತಾಸು, ಶುಕ್ರವಾರ.
ಹಿಂದಿನ ಕಪಾಟಿನಲ್ಲಿ ಬಿಟ್ಟುಹೋದವರ ಪುಸ್ತಕಗಳು:
ವೀಸಾ ಮುಗಿದವರು, ಕಫೀಲನ ಜತೆ ಜಗಳಾಡಿ
ರಾತ್ರೋರಾತ್ರಿ ಹೊರಟವರು,
ಒಬ್ಬ ಕ್ರೇನ್ ಚಾಲಕ. ಅವನೂ ಹೋದ, ಆದರೆ ಊರಿಗಲ್ಲ.
ಬೆನ್ನು ಮುರಿದವು, ಎ.ಸಿ. ನೀರು ಕುಡಿದು ಉಬ್ಬಿದವು,
ಮೊದಲ ಪುಟಗಳನ್ನು ಯಾರದೋ ಮಗು ತಿಂದಂತಿರುವವು.

ಔರಾದ ದಾಟಿದ ಹಳ್ಳಿಗಳಲ್ಲಿ ಇಡೀ ಓಣಿಗೆ ಒಂದೇ ಪುಸ್ತಕ.
ಗುರುವಾರ ಇವರ ಮನೆ, ಶನಿವಾರ ಅವರ ಮನೆ,
ಕಬ್ಬು ಕಡಿಯಲು ಗ್ಯಾಂಗು ಹೊರಟರೆ
ಪುಸ್ತಕವೂ ಆರು ತಿಂಗಳು ಮಹಾರಾಷ್ಟ್ರಕ್ಕೆ.
ಇದನ್ನು ಹೇಳಿದವರು ಸಭೆಯ ಹಿರಿಯ ದೇವದಾನಪ್ಪ,
ನೀರಿನ ಟ್ಯಾಂಕರ್ ಓಡಿಸುವವರು.
"ಕೊಡೂದು ಅನಬ್ಯಾಡ್ರಿ," ಎಂದರು,
"ತಿರುಗಿ ಕಳಸೂದು ಅನ್ರಿ."

ಅಂಚೆಗೆ ದುಡ್ಡಿಲ್ಲ. ರಜೆಗೆ ಹೊರಟವರ ಬೆನ್ನು ಹತ್ತುತ್ತೇವೆ.
ಹೈದರಾಬಾದಿನ ವಿಮಾನಕ್ಕೆ ಮೂವತ್ತು ಕೇಜಿ.
ತಕ್ಕಡಿಯ ಮೇಲೆ ಕಂಬಳಿ, ಹಾಲಿನ ಪುಡಿಯ ಡಬ್ಬಿ,
ನೋವಿನ ಎಣ್ಣೆ, ಖರ್ಜೂರ, ತಂಗಿಯ ಮದುವೆಗೆ ಮಿಕ್ಸರ್.
"ಒಂದ ಪುಸ್ತಕ, ಅಣ್ಣಾ. ಒಂದೇ."
ಸೂಟ್‌ಕೇಸ್ ತೆರೆದು ನಿಲ್ಲುತ್ತಾರೆ.
ಕಂಬಳಿ ನೋಡುತ್ತಾರೆ, ನನ್ನನ್ನು ನೋಡುತ್ತಾರೆ.
ಒಬ್ಬಳು ಹಾಲಿನ ಪುಡಿಯನ್ನೇ ತೆಗೆದು ನನ್ನ ಕೈಗಿಟ್ಟಳು.
ಆ ಡಬ್ಬಿಯಲ್ಲಿ ಎರಡು ತಿಂಗಳು ಚಹಾ ಕುಡಿದೆ,
ಗುಟುಕು ಗುಟುಕಿಗೂ ನಾಚುತ್ತ.

ಸುಕುಮಾರಮ್ಮನ ಪುಸ್ತಕ ಸಿಕ್ಕಿದ್ದು ಕಳೆದ ಮಳೆಗಾಲ.
(ಇಲ್ಲಿ ಮಳೆಗಾಲವಿಲ್ಲ, ಊರಿನ ಲೆಕ್ಕ ಹೇಳಿದೆ.)
ಬರ್ಕಾದ ಬಂಗಲೆಯೊಂದರಲ್ಲಿ ಹನ್ನೊಂದು ವರ್ಷ ಅಡುಗೆ.
ಹೊದಿಕೆ ಹೋಗಿತ್ತು. ಒಳಗೆ ಅಂಚುಗಳ ತುಂಬ ಪೆನ್ಸಿಲ್:
"ಮಾರ್ಚ್ ಪಗಾರ ಬಂದಿಲ್ಲ. ಏಪ್ರಿಲ್ಲಿಂದೂ ಇಲ್ಲ."
"ಮರ್ಸಿಗೆ ಇವತ್ತು ಒಂಬತ್ತು ತುಂಬಿತು."
"ಮೊಣಕಾಲು." ಅಷ್ಟೇ, ಬರೀ ಮೊಣಕಾಲು.
ಒಂದು ಕಡೆ ಫೋನ್ ನಂಬರ್, ಕೊನೆಯ ಅಂಕಿ ಅಳಿಸಿದೆ.

ರಬ್ಬರ್ ಹಿಡಿದು ಕೂತೆ.
ದೇವರ ಮಾತಿನ ಪಕ್ಕ ಪಗಾರದ ಮಾತು ಇರಬಹುದೆ?
ಫೋನಿನಲ್ಲಿ ಕೇಳಿದರೆ ದೇವದಾನಪ್ಪ
"ನೀ ಟೇಲರ್ ಇದ್ದಿ. ಹೊಲಿ" ಎಂದರು.
ಅಬಾಯಾದ ಉಳಿಕೆ ತುಂಡಿನಿಂದ ಹೊದಿಕೆ ಮಾಡಿದೆ.
ತೋಳಿನ ತುಂಡು, ನಾಲ್ಕು ಚಮಕಿ ಹಾಗೇ ಉಳಿದವು.

ಕ್ರಿಸ್‌ಮಸ್ ಕಳೆದು ಒಂದು ವಾಯ್ಸ್ ಮೆಸೇಜು.
ಹೆಂಗಸರ ಕೆಮ್ಮು, ಆಡಿನ ಕೂಗು,
ಏಳನೇ ಇಯತ್ತೆಯ ಹುಡುಗಿ ಗಟ್ಟಿಯಾಗಿ ಓದುತ್ತಿದ್ದಾಳೆ.
ಬೆರಳಿಟ್ಟು ಓದುವವಳಿಗೆ
ಅಚ್ಚು ಯಾವುದು, ಅಂಚು ಯಾವುದು?
ಕುರಿಗಳ ಮಾತು, ನೀರಿನ ಮಾತು ಮುಗಿಸಿ
ಉಸಿರು ತಗೊಳ್ಳದೆ, ಅದೇ ದನಿಯಲ್ಲಿ,
"ಮಾರ್ಚ್ ಪಗಾರ ಬಂದಿಲ್ಲ" ಎಂದಳು.

ಒಂದು ಕ್ಷಣ ಆಡೂ ಸುಮ್ಮನಾಯಿತು.
ಆಮೇಲೆ ಯಾರೋ ಮುದುಕಿ, ಕಬ್ಬಿನ ಗ್ಯಾಂಗಿನವಳಿರಬೇಕು,
"ಆಮೆನ್" ಎಂದಳು.
ಉಳಿದವರೂ ಎಂದರು.
ಹುಡುಗಿ ಮುಂದೆ ಓದಿದಳು: ಏಪ್ರಿಲ್ಲಿಂದೂ ಇಲ್ಲ.

ಇವತ್ತು ಗುರುವಾರ. ಶಟರ್ ಅರ್ಧ ಇಳಿದಿದೆ.
ಮೇಜಿನ ಮೇಲೆ ಕ್ರೇನ್ ಚಾಲಕನದು.
ಅಂಚು ಪೂರ್ತಿ ಖಾಲಿ, ಒಂದು ಗೀಟೂ ಇಲ್ಲ.
ಸೂಜಿಗೆ ದಾರ ಪೋಣಿಸಿ ಇಟ್ಟಿದ್ದೇನೆ,
ಪೆನ್ಸಿಲ್ಲನ್ನೂ ಚೂಪು ಮಾಡಿದ್ದೇನೆ.
ಅವನ ಹೆಸರು ಯಾರಿಗಾದರೂ ಗೊತ್ತೆ ಎಂದು
ನಾಳೆ ಸಭೆಯಲ್ಲಿ ಕೇಳಬೇಕು.