ಒಂದು ಚೌಕಕ್ಕೆ ಅರ್ಧ ಗಂಟೆ

ಒಂಬತ್ತನೆಯ ಕ್ಲಾಸಿನ ಪ್ರಾಜೆಕ್ಟು.
ಎರಡು ವಾರ ಮನೆಮಂದಿಯ ನಿದ್ದೆ ಅಳೆದು
ಗ್ರಾಫ್ ಕಾಗದದಲ್ಲಿ ಬಣ್ಣ ತುಂಬಬೇಕಂತೆ.
ಅಳೆಯುವುದು ಯಾತರಲ್ಲಿ, ಸೇರಿನಲ್ಲೋ ಪಾವಿನಲ್ಲೋ? ಎಂದರು ಅತ್ತೆ.
ಚೌಕದಲ್ಲಿ ಅಜ್ಜಿ, ಒಂದು ಚೌಕಕ್ಕೆ ಅರ್ಧ ಗಂಟೆ,
ಎಂದಳು ವಿಸ್ಮಿತಾ, ಡೊಂಬಿವಿಲಿಯ ನಮ್ಮ ಒಂದೂವರೆ ಕೋಣೆಯ
ಕಬ್ಬಿಣದ ಕಪಾಟಿಗೆ ಕಾಗದ ಅಂಟಿಸುತ್ತ.
ಐದು ಹೆಸರು, ಐದು ಪೆನ್ಸಿಲು.

ಹಸಿರು, ನಾದಿನಿಯ ಕೂಸಿಗೆ.
ಬಾಣಂತನಕ್ಕೆ ಬಂದ ನಲವತ್ತು ದಿನದ ಜೀವ.
ಅದಕ್ಕೆ ಸೋಮವಾರವಿಲ್ಲ, ಶನಿವಾರವಿಲ್ಲ,
ಹಗಲು ಅಂದರೇನೆಂದು ಇನ್ನೂ ಯಾರೂ ಹೇಳಿಕೊಟ್ಟಿಲ್ಲ.
ಅಕ್ಕಿ ಚೆಲ್ಲಿದ ಹಾಗೆ ಅದರ ನಿದ್ದೆ, ಕಾಗದದ ತುಂಬ.
ನಾದಿನಿಗೆ ಬೇರೆ ಪೆನ್ಸಿಲು ಬೇಕಾಗಲಿಲ್ಲ:
ಹಸಿರಿಲ್ಲದಲ್ಲಿ ಎಚ್ಚರ,
ಹಸಿರಿದ್ದಲ್ಲಿ ಅರೆ ಎಚ್ಚರ.

ನೀಲಿ ನನ್ನ ಗಂಡನದು. ಠಾಣೆಯ ಹೋಟೆಲಿನ ಗಲ್ಲಾ,
ಕೊನೆಯ ಕರ್ಜತ್ ಲೋಕಲಿನ ಮನುಷ್ಯ.
ಎರಡಕ್ಕೆ ಮಲಗಿ ಎಂಟಕ್ಕೆ ಎದ್ದದ್ದು ಬರೆದಳು.
ಕಳವಾದಲ್ಲಿ ಕಣ್ಣು ಮುಚ್ಚಿ ಕೋಪರಿನಲ್ಲಿ ಬಿಡುತ್ತೇನಲ್ಲ,
ಆ ಹನ್ನೆರಡು ನಿಮಿಷ ಎಲ್ಲಿ? ಎಂದ.
ನಿಂತುಕೊಂಡದ್ದು ಲೆಕ್ಕಕ್ಕಿಲ್ಲ ಪಪ್ಪ.
ಬಹಳ ಹೊತ್ತು ವಾದಿಸಿದ.
ಕೊನೆಗೆ ಕಾಲು ಚೌಕ ಗೆದ್ದುಕೊಂಡ.

ಕೆಂಪು ಅವಳದೇ. ವಾರವಿಡೀ ಬಡಕಲು ಗೆರೆ,
ಐದೂಮುಕ್ಕಾಲಿಗೆ ನಾನು ಹೊದಿಕೆ ಎಳೆದಲ್ಲಿ ತುಂಡಾದದ್ದು.
ಹನ್ನೆರಡು ಹೊಡೆದರೂ ರೆಪ್ಪೆ ಕೂಡದ ವಯಸ್ಸು,
ಬೆಳಿಗ್ಗೆ ಬಾಯಲ್ಲಿ ಬ್ರಷ್ ಇದ್ದ ಹಾಗೇ ತೂಕಡಿಕೆ.
ಭಾನುವಾರ ಮಾತ್ರ ಹನ್ನೊಂದೂವರೆಯ ತನಕ
ಕೆಂಪು, ಕೆಂಪು, ಕೆಂಪು.
ರೈಲ್ವೆಯವರ ಮೆಗಾಬ್ಲಾಕಿನ ಹಾಗೆ ಅಡ್ಡ ಮಲಗಿದ್ದಾಳೆ,
ಅವಳನ್ನು ದಾಟಿಕೊಂಡು ಹೋಗಿ ನಾವು ದೋಸೆ ತಿಂದೆವು.
ವಾರದ ಸಾಲ ಒಂದೇ ಹಗಲಲ್ಲಿ ತೀರಿಸಿದವಳಿಗೆ
ಅದೇ ರಾತ್ರಿ ಬಡ್ಡಿ ಹತ್ತುತ್ತದೆ:
ನಿದ್ದೆ ಬಾರದೆ ಫ್ಯಾನಿನ ರೆಕ್ಕೆ ಎಣಿಸುತ್ತಾಳೆ.
ಮೂರು. ಮತ್ತೆ ಮೂರು.

ಉಳಿದ ಕಂದು ಅತ್ತೆಗೆ, ಹಳದಿ ನನಗೆ.

ಅತ್ತೆಗೆ ಎಪ್ಪತ್ತೆರಡು. ಎಂಟೂವರೆಗೆ ಧಾರಾವಾಹಿಯ ನಡುವೆಯೇ
ಗೊರಕೆ. ಕೇಳಿದರೆ, ನಿದ್ದೆಯಲ್ಲ, ಕಣ್ಣು ಮುಚ್ಚಿದ್ದೆನಷ್ಟೆ.
ನನಗೆ ನಲವತ್ತೇಳು. ಮೈಯೊಳಗೆ ಯಾರೋ ಒಲೆ ಹಚ್ಚಿದಂತೆ
ನಡುರಾತ್ರಿ ಧಗ್ಗನೆ ಎಚ್ಚರ, ಕುತ್ತಿಗೆಯ ಸುತ್ತ ಬೆವರು.
ನಳದಲ್ಲಿ ನೀರು ಬರುವುದು ನಾಲ್ಕೂವರೆಗೆ.
ಅಲ್ಲಿಯ ತನಕ ಏಳುವಂತಿಲ್ಲ:
ಎದ್ದರೆ ಬಳೆ ಸದ್ದು, ಕೊಡ ಸದ್ದು,
ಪಾಪ, ಮುದುಕಿಗೆ ಎಚ್ಚರವಾದೀತು.
ಈ ಗೋಡೆಗೆ ಮುಖ ಮಾಡಿ, ಉಸಿರು ಉದ್ದ ಮಾಡಿ
ನಿದ್ದೆಯ ವೇಷ ಹಾಕುತ್ತೇನೆ.

ಎಷ್ಟಕ್ಕೆ ಎಚ್ಚರವಾಯಿತಮ್ಮ? ಸುಳ್ಳು ಹೇಳಬೇಡ, ಮಾರ್ಕಿದೆ.
ಎರಡೂಮುಕ್ಕಾಲು, ಎಂದೆ.
ಅಜ್ಜಿ?
ಮಡಿಸಿದ ಸೀರೆಯನ್ನೇ ಮತ್ತೆ ಮಡಿಸುತ್ತ:
ಅದೇ. ಎರಡೂಮುಕ್ಕಾಲು.
ಎದ್ದು ಕೂತಿರಾ?
ಕೂರುವುದೆಂತದು! ನಿನ್ನಮ್ಮ ಆರೂಹನ್ನೆರಡರ ಗಾಡಿಗೆ ಹೋಗುವವಳು,
ಅವಳ ನಿದ್ದೆ ಕೆಡಿಸಲಿಕ್ಕುಂಟಾ?
ಆ ಗೋಡೆಗೆ ಮುಖ ಹಾಕಿ ಬಿದ್ದುಕೊಂಡಿದ್ದೆ.

ಹದಿನಾಲ್ಕು ರಾತ್ರಿ. ಕಂದು, ಹಳದಿ
ಒಂದೇ ಚೌಕದಲ್ಲಿ ಕಡಿದು ಬಿದ್ದಿವೆ.
ಅದಕ್ಕೂ ಹಿಂದಿನ ರಾತ್ರಿಗಳಿಗೆ ಕಾಗದವಿಲ್ಲ.

ಟೀಚರು ಹತ್ತಕ್ಕೆ ಏಳು ಕೊಟ್ಟರು.
ಬದಿಯಲ್ಲಿ ಕೆಂಪು ಶಾಯಿ:
ಈ ಎರಡು ಗೆರೆ ಒಂದೇ ತರ ಇವೆ. ನಕಲೇ?

ನಿನ್ನೆ ಅದೇ ಹೊತ್ತಿಗೆ ಕಲ್ಯಾಣದ ಕಡೆ
ಗೂಡ್ಸ್ ಗಾಡಿಯೊಂದು ಉದ್ದಕ್ಕೆ ಹೋಯಿತು.
ಕೂಸು ಅತ್ತಿತು, ಸುಮ್ಮನಾಯಿತು.
ನಾನು ಉಸಿರು ಉದ್ದ ಮಾಡಲಿಲ್ಲ.
ಆ ಗೋಡೆಯ ಕಡೆಯಿಂದ, ಮೆಲ್ಲಗೆ:
ವಾರಿಜಾ,
ಕೊಡದಲ್ಲಿ ಎರಡು ಲೋಟಕ್ಕಾಗುವಷ್ಟು ನೀರು ಉಂಟಾ, ನೋಡು.