ಮತ್ತೆ ಹೆಬ್ಬೆಟ್ಟು

ಉಪ್ಪಳ ಪೇಟೆ, ಕೋಳಿ ಅಂಗಡಿಯ ಮಾಳಿಗೆ.
ನನ್ನ ಕೆಲಸ ಜನರ ಬೆರಳು ಹಿಡಿದು
ಗಾಜಿಗೆ ಒತ್ತುವುದು.
ಹಸಿರು ದೀಪ ಬಂದರೆ ಮನುಷ್ಯ.
ಕೆಂಪು ಬಂದರೆ, ಇನ್ನೊಮ್ಮೆ ಇಡಿ.

ದುಗ್ಗಮ್ಮ ಆರನೇ ಸಲ ಇಟ್ಟರು.
ನಲವತ್ತೆರಡು ವರ್ಷ ಬೀಡಿ ಸುರುಟಿದ ಬೆರಳು,
ದಿನಕ್ಕೆ ಎಂಟುನೂರು.
ಎಲೆ, ಹೊಗೆಸೊಪ್ಪು, ಕೆಂಪು ನೂಲಿನ ಜೊತೆ
ಗೆರೆಗಳನ್ನೂ ಕಟ್ಟು ಕಟ್ಟಿ
ಬ್ರಾಂಚಿಗೆ ಕೊಟ್ಟು ಬಂದಿದ್ದಾರೆ.
ಈಗ ಹೊಳೆಕಲ್ಲಿನ ನುಣುಪು.

"ನನಗೆ ಬರೆಯಲು ಬರುತ್ತದೆ," ಅಂದರು.
ಸಾಕ್ಷರತೆಯ ವರ್ಷ, ಚಿಮಿಣಿ ದೀಪದಡಿ
ಸ್ಲೇಟಿನ ಮೇಲೆ 'ದು' ತಿದ್ದಿ,
ಆಮೇಲಿನ ಎರಡು ಒತ್ತಿಗೆ ಒಂದು ವಾರ ಹಿಡಿದು
ಹೆಬ್ಬೆಟ್ಟು ಎಂಬ ಬೈಗುಳ ಕಳೆದುಕೊಂಡವರು.
ಸೊಸೈಟಿಯಲ್ಲಿ ಮೊದಲ ಸಹಿ ಹಾಕಿದ ದಿನ
ಮನೆಗೆ ಕಾಲು ಕಿಲೋ ಜಿಲೇಬಿ.
"ಅಷ್ಟು ಕಷ್ಟಪಟ್ಟು ಬಿಟ್ಟದ್ದನ್ನೇ ಕೇಳುತ್ತೀರಲ್ಲ ಮಗಳೇ,
ಕೊಟ್ಟರೆ ಬೇಡ ಅನ್ನುತ್ತೀರಿ."

ಯಂತ್ರವನ್ನು ಬೈಯಬಹುದು. ಸುಲಭ.
ಆದರೆ ಇದೇ ಗಾಜು, ಕಳೆದ ಆಟಿಯಲ್ಲಿ,
ರೈಲು ನಿಲ್ದಾಣದಲ್ಲಿ ಸಿಕ್ಕಿದ ಮಾತು ಬಾರದ ಹುಡುಗನಿಗೆ
ಹೊಸ ಕಾರ್ಡು ಮಾಡಹೊರಟರೆ
'ಆಗುವುದಿಲ್ಲ, ಇವನು ಆಗಲೇ ಇದ್ದಾನೆ' ಎಂದಿತು.
ಇದ್ದಾನೆ! ಒಡಿಶಾದಲ್ಲೊಂದು ಊರು,
ನಾಲ್ಕು ವರ್ಷದಿಂದ ಹುಡುಕುತ್ತಿದ್ದ ಅಣ್ಣ.
ಬಂದವನು ತಮ್ಮನನ್ನು ಅಪ್ಪುವ ಮೊದಲು
ಯಂತ್ರಕ್ಕೆ ಕೈಮುಗಿದ.

ಇದು ಬರುವ ಮುಂಚೆ, ರೇಷನ್ ಅಂಗಡಿಯ ಪುಸ್ತಕದಲ್ಲಿ
ದುಗ್ಗಮ್ಮನ ಸತ್ತ ಗಂಡ
ಹನ್ನೊಂದು ವರ್ಷ ಅಕ್ಕಿ ಒಯ್ಯುತ್ತಿದ್ದರಂತೆ.
ಅವರೇ ನಕ್ಕು ಹೇಳಿದ್ದು:
"ಬದುಕಿದ್ದಾಗ ಒಂದು ದಿನ ತಂದವರಲ್ಲ."

ಗೊತ್ತಿದ್ದ ಮದ್ದು ಹೇಳಿದೆ.
ನಾಲ್ಕು ದಿನ ಎಲೆ ಮುಟ್ಟಬೇಡಿ,
ರಾತ್ರಿ ತೆಂಗಿನೆಣ್ಣೆ ಹಚ್ಚಿ,
ಗೆರೆ ತಿರುಗಿ ಬಂದೀತು.
ಅವರ ತುಟಿ ಅಲ್ಲಾಡಿತು, ಲೆಕ್ಕ:
ನಾಲ್ಕು ದಿನದ ಮಜೂರಿ, ಒಂದು ತಿಂಗಳ ಅಕ್ಕಿ.
ಕಣ್ಣು ನೋಡುವ ಯಂತ್ರ ರಿಪೇರಿಗೆ ಹೋಗಿದೆ,
ಇದ್ದರೂ ಅವರ ಎಡಗಣ್ಣಿಗೆ ಪೊರೆ.

"ನಾನು ಯಾರೂಂತ ನಿನಗೆ ಗೊತ್ತುಂಟಲ್ಲ?"
ಗೊತ್ತುಂಟು.
ನನ್ನ ಅಮ್ಮನ ಪಕ್ಕ, ಮೊರಕ್ಕೆ ಮೊರ ತಾಗಿಸಿ ಕೂತವರು,
ನನ್ನ ತೊಟ್ಟಿಲನ್ನು ಕಾಲಲ್ಲಿ ತೂಗಿದವರು.
ಅದನ್ನು ಹೇಳುವ ಗುಂಡಿ
ಈ ಕೀಲಿಮಣೆಯಲ್ಲಿಲ್ಲ.

ಏಳನೇ ಸಲ. ಕೆಂಪು.

ಸೆರಗಿಗೆ ಬೆರಳೊರೆಸಿ ಮೆಟ್ಟಿಲಿಳಿದರು.
ಗಾಜಿನ ಮೇಲೆ ಹೊಗೆಸೊಪ್ಪಿನ ಕಂದು,
ಒಂದು ಹೆಬ್ಬೆರಳಿನಷ್ಟು.
ಒರೆಸಬೇಕು, ಸರದಿಯಲ್ಲಿ ಹನ್ನೆರಡು ಜನ.
ಸ್ವಲ್ಪ ಹೊತ್ತು ಒರೆಸಲಿಲ್ಲ.