ತೋಟಾ ಕೊಳ್ಳಲು ಹೋದಾಗ

ಲಾಕಿ ಡ್ಯೂನಿಕ್‌ನ ಅಂಗಡಿಯಲ್ಲಿ
ಉಣ್ಣೆಯ ಕಾಲುಚೀಲ, ಮೀನಿನ ಗಾಳ, ಕುರಿಯ ಜಂತುಮದ್ದು,
ಎಲ್ಲದರ ಹಿಂದೆ ಕಬ್ಬಿಣದ ಕಪಾಟು.
ಪರವಾನಗಿ ನೋಡಿದ, ನನ್ನ ಮುಖ ನೋಡಿದ,
ಮತ್ತೆ ಪರವಾನಗಿ ನೋಡಿದ.
'ನದಿಯ ಹಕ್ಕಿ ಕಾಯುವವಳು ನೀನೇನಾ?'

ನಾನೇ. ಅಹುರಿರಿ ನದಿ ಜಡೆ ಬಿಚ್ಚಿಕೊಂಡು
ಹತ್ತು ಎಳೆಯಾಗಿ ಹರಿಯುವಲ್ಲಿ
ಕಲ್ಲುಗಳ ನಡುವೆ ಕಲ್ಲಿನಂತೆಯೇ ಮೊಟ್ಟೆ.
ಗೂಡು ಅನ್ನಲು ಒಂದು ಕಡ್ಡಿಯೂ ಇಲ್ಲ.
ಕತ್ತಲಾದ ಮೇಲೆ ಫೆರೆಟ್ ಬರುತ್ತದೆ,
ಮುಂಗುಸಿಯ ಮೈ, ಕಳ್ಳನ ಮುಖವಾಡ.
ಮೊಲ ಹಿಡಿಯಲಿ ಎಂದು ಹಡಗಿನಲ್ಲಿ ತಂದರಂತೆ.
ಮೊಲವನ್ನು ತಂದವರೂ ಅವರೇ.

'ದೂರ ಎಷ್ಟು?'
ಐವತ್ತು ಮೀಟರು. ಕೆಲವು ರಾತ್ರಿ ನೂರು.

ಒಂದು ಡಬ್ಬ ಮುಂದಿಟ್ಟ. 'ಹದಿನೇಳು. ಭತ್ತದ ಕಾಳಿನಷ್ಟು ಗುಂಡು,
ಸದ್ದಿಗಿಂತ ಮೊದಲೇ ತಲುಪುತ್ತದೆ.
ಆದರೆ ವಾಯವ್ಯದ ಗಾಳಿ ಎದ್ದರೆ
ಗೇಣು ದೂರ ಬಲಕ್ಕೆ ಜಾರೀತು, ಕೇಳುವುದಿಲ್ಲ.
ಇದು ಇಪ್ಪತ್ತೆರಡು, ನಿಧಾನದ್ದು, ಬರೀ ಸೀಸ.
ಮುದುಕ ಕೆಮ್ಮಿದಷ್ಟು ಸದ್ದು.
ಮೊದಲನೆಯದು ಸತ್ತದ್ದು ಎರಡನೆಯದಕ್ಕೆ ಗೊತ್ತಾಗದು.
ನೂರಕ್ಕೆ ಹೋಗುವಷ್ಟರಲ್ಲಿ ಸುಸ್ತಾಗಿ ಕೆಳಗಿಳಿಯುತ್ತದೆ,
ಹೊಳೆಗಲ್ಲಿಗೆ ಬಡಿದರೆ ಮಾತ್ರ ಸಾಯುವುದಿಲ್ಲ,
ಸಿಳ್ಳೆ ಹಾಕುತ್ತಾ ಯಾರ ಮನೆಗೋ ಹೊರಡುತ್ತದೆ.'

ಮ್ಯಾಗ್ನಮ್? ನಕ್ಕ.
ಕಾಡುಬಿದ್ದ ಬೆಕ್ಕಿಗೆ ಸರಿ.
ಇದಕ್ಕಾದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ.

'ಎಲ್ಲದರಲ್ಲೂ ಒಂದೊಂದು ಒಯ್ಯಿ. ಕೋವಿಗೂ ನಾಲಿಗೆ ಇದೆ,
ದುಬಾರಿಯದನ್ನು ಉಗುಳಿ ಅಗ್ಗದ್ದನ್ನು ಚಪ್ಪರಿಸೀತು.
ಡಬ್ಬದ ಮೇಲಿನ ಮಾತು ನಂಬಬೇಡ,
ನನ್ನ ಮಾತೂ ಬೇಡ. ಕಾಗದ ನಂಬು.'
ಹಣ ಎಣಿಸುತ್ತಾ, ತಲೆ ಎತ್ತದೆ,
'ಬಿದ್ದದ್ದನ್ನು ತಿನ್ನುವವರು ಯಾರು?'

ಅದನ್ನು ಯಾರೂ ನನ್ನ ಕೇಳಿರಲಿಲ್ಲ.

ಹೋದ ವಸಂತದಲ್ಲಿ ಅವನ ಬೇಲಿಯ ಬುಡದಲ್ಲಿ
ಒಂದು ಕಾಹು, ನಮ್ಮ ಬಯಲಿನ ಗಿಡುಗ,
ರೆಕ್ಕೆ ಎತ್ತಲಾಗದೆ ಕೂತಿತ್ತಂತೆ.
ಕೈಯಲ್ಲಿ ಎತ್ತಿದನಂತೆ. ಬೆರಳಿಲ್ಲದ ಕೈಗವಸಿನಷ್ಟು ಭಾರ.
ಎರಡು ದಿನ ಸೇಬಿನ ಪೆಟ್ಟಿಗೆಯಲ್ಲಿ ಇತ್ತು.
ಹೊಟ್ಟೆಯಲ್ಲಿ ಸೀಸ, ಸಾಸಿವೆಗಿಂತ ಸಣ್ಣ ಚೂರು.
'ಆ ಮೊಲ ನಾನೇ ಹೊಡೆದು ಬಿಟ್ಟದ್ದು' ಅಂದ,
ಚಿಲ್ಲರೆ ಕೊಡುತ್ತಾ.

ಕೊನೆಗೆ ತಾಮ್ರದ್ದೂ ಒಂದು ಡಬ್ಬ ತೆಗೆದುಕೊಂಡೆ,
ಬೆಲೆ ಮೂರು ಪಟ್ಟು.
ಕೊಟ್ಟಿಗೆಯ ಹಿಂದೆ ಐದು ಕಾಗದ ಅಂಟಿಸಿ ಮಲಗಿ ಹೊಡೆದೆ.
ನಿಧಾನದ ಸೀಸ: ಐದೂ ತೂತು ಒಂದು ನಾಣ್ಯದಡಿ ಅಡಗಿದವು.
ತಾಮ್ರ: ಚಹಾದ ಬಟ್ಟಲಿನ ತಟ್ಟೆಯಷ್ಟು ಅಗಲಕ್ಕೆ ಚೆಲ್ಲಾಪಿಲ್ಲಿ.
ನನ್ನ ಕೋವಿಗೆ ರುಚಿಸಲಿಲ್ಲ.
ಗೋಡೆಗೆ ಒರಗಿ ಬಹಳ ಹೊತ್ತು ಆ ತಟ್ಟೆಯನ್ನೇ ನೋಡಿದೆ.
ಹಾಗಾದರೆ ನಾನೇ ಹತ್ತಿರ ಹೋಗಬೇಕು. ಅಷ್ಟೇ ಲೆಕ್ಕ.
ಐವತ್ತಲ್ಲ, ಇಪ್ಪತ್ತು.

ಇಪ್ಪತ್ತು ಮೀಟರಿನಲ್ಲಿ ಅದು ಮೂಸುವುದು ಕೇಳಿಸುತ್ತದೆ.
ದೀಪಕ್ಕೆ ಕಣ್ಣು ಹಸಿರು.
ಅದರ ಹಿಂದೆ ಬರೀ ಕಲ್ಲು, ಕಲ್ಲಿನಾಚೆ ಮೀನುಗಾರರ ಡೇರೆಯ ಬೆಳಕು.
ಬೆರಳು ತೆಗೆದೆ.
ಬೆಳಿಗ್ಗೆ ಮೂರು ಗೂಡಿನಲ್ಲಿ ಎರಡು ಉಳಿದಿದ್ದವು.

ಮರುರಾತ್ರಿ ಅದೇ ಫೆರೆಟ್, ಅಥವಾ ಅದರ ತಂಗಿ,
ಮಣ್ಣಿನ ದಿಬ್ಬಕ್ಕೆ ಮೈಯೊಡ್ಡಿ ನಿಂತಿತು.
ಬಿಸಿ ಇರುವಾಗಲೇ ಚೀಲಕ್ಕೆ ಹಾಕಿಕೊಂಡೆ,
ತಾಮ್ರವಾದರೂ ಬಿಟ್ಟು ಬರಲು ಮನಸ್ಸಾಗಲಿಲ್ಲ.
ಚೆಂದದ ಪ್ರಾಣಿ. ಹೇಳಲೇಬೇಕು.

ಬೆಳಕು ಹರಿದಾಗ ನೀರಂಚಿನಲ್ಲಿ ಸೊಟ್ಟಕೊಕ್ಕಿನ ಹಕ್ಕಿ.
ಅದರ ಕೊಕ್ಕು ತುದಿಯಲ್ಲಿ ಬಲಕ್ಕೆ ಬಾಗಿದೆ,
ಹುಟ್ಟುವಾಗಿನಿಂದಲೂ ಬಲಕ್ಕೇ,
ಈ ಕಣಿವೆಯ ಗಾಳಿಗೆಂದೇ ಯಾರೋ ಗುರಿ ತಿದ್ದಿಟ್ಟ ಹಾಗೆ.
ಕಲ್ಲಿನಡಿ ತೂರಿಸಿ ಏನನ್ನೋ ಎತ್ತಿತು.
ತಪ್ಪಲಿಲ್ಲ.